ಸಸ್ಯಾಹಾರಿಯ ಬೇಟೆ ಪರವಾನಗಿ

ಅಮೆರಿಕದಲ್ಲಿ ನೆಗಡಿ ಬಂದರೆ ಹುಷಾರಾಗಿರಬೇಕು. ಕಟ್ಟಿದ ಮೂಗು ಬಿಡಿಸುವ ಸೂಡೊಎಫೆಡ್ರಿನ್ ಮಾತ್ರೆಗಳನ್ನು 2006ರಿಂದ ಅಲ್ಲಿ ಕೌಂಟರಿನ ಹಿಂದೆ ಇಟ್ಟು ಮಾರುತ್ತಾರೆ. ಅದರಿಂದ ಮಾದಕ ಪದಾರ್ಥ ತಯಾರಿಸುವವರಿದ್ದಾರಂತೆ. ಹಾಗಾಗಿ ಗುರುತಿನ ಚೀಟಿ ತೋರಿಸಿ, ದಾಖಲೆಗೆ ಸಹಿ ಹಾಕಿ ಪಡೆಯಬೇಕು. ಒಬ್ಬರಿಗೆ ಮೂವತ್ತು ದಿನಕ್ಕೆ ಒಂಬತ್ತು ಗ್ರಾಂ. ಅದಕ್ಕೆ ಮೀರಿ ಸೀನುವವರು ತಮ್ಮ ಹಣೆಬರಹವನ್ನು ಹಳಿದುಕೊಳ್ಳಬೇಕು. ರಿವಾಲ್ವರಿಗೆ ಫೆಡರಲ್ ಕಾನೂನಿನಲ್ಲಿ ಇಂಥ ಪಡಿ ಪದ್ಧತಿ ಇಲ್ಲ.

ಟೆಕ್ಸಾಸಿನ ಫ್ರಿಸ್ಕೋದಲ್ಲಿ ಸಾಫ್ಟ್‌ವೇರ್ ಬರೆಯುವ ನನ್ನ ಭಾವ, ಸೋದರತ್ತೆಯ ಮಗ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವನು. ಒಂದು ಶನಿವಾರ ಮಗನಿಗೆ ಫುಟ್ಬಾಲ್ ಬೂಟು ಕೊಡಿಸಲು ಕ್ರೀಡಾ ಸಾಮಗ್ರಿಯ ಅಂಗಡಿಗೆ ಹೋದ. ಬೂಟಿನ ಸಾಲಿನ ಪಕ್ಕದಲ್ಲೇ ಬಂದೂಕಿನ ಸಾಲು. ಗಾಜಿನ ಪೆಟ್ಟಿಗೆಯೊಳಗೆ ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ 500 ಮ್ಯಾಗ್ನಮ್ ಮಲಗಿತ್ತು. 2003ರಲ್ಲಿ ಬಂದ ಈ ರಿವಾಲ್ವರಿನ ಗುಂಡು ಅರ್ಧ ಇಂಚು ದಪ್ಪ. ಉದ್ದ ನಳಿಗೆಯದಾದರೆ ತೂಕ ಎರಡು ಕಿಲೋ. ದೊಡ್ಡ ಪ್ರಾಣಿಗಳ ಬೇಟೆಗೆಂದೇ ಮಾಡಿದ್ದು. ಮೈಮೇಲೆ ಬರುವ ಕರಡಿಗೂ ಆಗುತ್ತದೆ. ಫ್ರಿಸ್ಕೋದ ಬಡಾವಣೆಯಲ್ಲಿ ಕರಡಿ ಇಲ್ಲ, ಅಳಿಲು ಇದೆ.

ಭಾವನಿಗೆ ಬೇಕೆನಿಸಿತು. ಆದರೆ ಒಂದು ತೊಡಕು. ಅವನಿರುವುದು ಎಚ್-1ಬಿ ವೀಸಾದ ಮೇಲೆ, ಅಂಥವರು ಬಂದೂಕು ಕೊಳ್ಳುವಂತಿಲ್ಲ. ಕಾನೂನು ಕಟ್ಟುನಿಟ್ಟು. ಅಷ್ಟೇ ಕಟ್ಟುನಿಟ್ಟಾಗಿ ಅದೇ ಕಾನೂನು ಒಂದು ಕಿಂಡಿಯನ್ನೂ ಬಿಟ್ಟಿದೆ: ಬೇಟೆಯ ಪರವಾನಗಿ ಇದ್ದರೆ ಕೊಳ್ಳಬಹುದು. ಆ ಪರವಾನಗಿ ಎಲ್ಲಿ ಸಿಗುತ್ತದೆ? ಅದೇ ಅಂಗಡಿಯಲ್ಲಿ. ಟೆಕ್ಸಾಸಿನಲ್ಲಿ ನೆಲೆಸಿದವರಿಗೆ ಇಪ್ಪತ್ತೈದು ಡಾಲರ್. ಹೀಗೆ, ಬೆಳ್ಳುಳ್ಳಿ ಹಾಕದ ಸಾರು ಉಣ್ಣುವ ಮನುಷ್ಯ ಬೂಟು ತರುವ ದಾರಿಯಲ್ಲಿ ಬೇಟೆಗಾರನಾದ.

ನಂತರ ಬಂದೂಕು ಕೊಳ್ಳುವವರು ತುಂಬಬೇಕಾದ 4473ನೇ ನಮೂನೆ. ‘ನೀವು ತಲೆಮರೆಸಿಕೊಂಡಿರುವ ಆರೋಪಿಯೇ?’ ಎಂದು ಅದು ಸಭ್ಯವಾಗಿ ಕೇಳುತ್ತದೆ. ತಲೆಮರೆಸಿಕೊಂಡವರು ಹೌದೆಂದು ಬರೆಯುತ್ತಾರೆಂಬ ನಂಬಿಕೆ ದೊಡ್ಡದು. ಹಿಂದೆ ಬ್ರೇಡಿ ಕಾಯ್ದೆಯ ಪ್ರಕಾರ ಕೈಬಂದೂಕಿಗೆ ಐದು ದಿನ ಕಾಯಬೇಕಿತ್ತು. 1998ರ ನವೆಂಬರಿನಲ್ಲಿ ಕೊಳ್ಳುವವರ ಹಿನ್ನೆಲೆ ನೋಡುವ ಎಫ್‌ಬಿಐ ಕಂಪ್ಯೂಟರ್ ತಪಾಸಣೆ ಬಂದು ಆ ಕಾಟ ತಪ್ಪಿತು. ಈಗ ಬಹುಪಾಲು ಉತ್ತರ ನಿಮಿಷಗಳಲ್ಲೇ ಬರುತ್ತದೆ. ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಅಂಗಡಿಯವನು ಸುಮ್ಮನೆ ಮಾರಬಹುದು. ಸರ್ಕಾರದ ಮೌನವೂ ಸಮ್ಮತಿಯೇ. 2017ರ ಬ್ಲ್ಯಾಕ್ ಫ್ರೈಡೇ ರಿಯಾಯಿತಿ ಮಾರಾಟದ ಒಂದೇ ದಿನ ಇಂಥ 2,03,086 ತಪಾಸಣೆಗಳಿಗೆ ಕೋರಿಕೆ ಬಂದಿತ್ತು. ಟಿವಿ, ಮಿಕ್ಸರ್, ಮ್ಯಾಗ್ನಮ್.

ತೀರ್ಥಹಳ್ಳಿ ಕಡೆ ತೋಟ ಮಾಡಿಕೊಂಡಿರುವ ಭಾವನ ಅಣ್ಣನಿಗೂ ಒಂದು ಕೋವಿ ಇದೆ, ಒಂಟಿ ನಳಿಗೆಯದು, ಮಂಗ ಓಡಿಸಲು. ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಮತ ಎಣಿಕೆ ಮುಗಿಯುವವರೆಗೆ ಅಡಿಕೆ ಮಂಗಗಳ ಪಾಲು. ತಮ್ಮ ವಾಟ್ಸಾಪಿನಲ್ಲಿ ಫೋಟೊ ಕಳಿಸಿದಾಗ ಅಣ್ಣ ಕೇಳಿದ್ದು ಒಂದೇ: ‘ಅಲ್ಲಿ ಚುನಾವಣೆ ಬಂದಾಗ ಇದನ್ನು ಎಲ್ಲಿಡುತ್ತೀಯ?’

ಎಲ್ಲಿಡುವುದು ಎಂಬುದೇ ಈಗ ಮನೆಯ ಚರ್ಚೆ. ದಿಂಬಿನಡಿ ಇಟ್ಟರೆ ದಿಂಬು ನಿಲ್ಲುವುದಿಲ್ಲ. ಬೀರುವಿನಲ್ಲಿಟ್ಟರೆ ಮಗನ ಭಯ. ಕೊನೆಗೆ ಬೆರಳಚ್ಚಿನ ತಿಜೋರಿ ಬಂತು. ಅತ್ತಿಗೆ ಹಿಟ್ಟು ನಾದುವಾಗ ಕಳ್ಳ ಬಂದರೆ ಕೈ ತೊಳೆದು ಒರೆಸಿಕೊಳ್ಳುವ ತನಕ ಅವನು ಕಾಯಬೇಕು. ಗುಂಡು ಹಾರಿತೆನ್ನಿ, ಅಲ್ಲಿಯ ಗೋಡೆಗಳು ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದವು. ಕಳ್ಳನಿಗೆ ತಪ್ಪಿದ್ದು ಪಕ್ಕದ ಮನೆಯ ಫ್ರಿಜ್ಜಿಗೆ ತಪ್ಪುವ ಭರವಸೆ ಇಲ್ಲ.

ಅಭ್ಯಾಸಕ್ಕೆಂದು ಶೂಟಿಂಗ್ ರೇಂಜಿಗೆ ಹೋದರು. ಅಲ್ಲಿನ ಅನುಭವಿ ಐದು ಗುಂಡಿನ ಗಾಲಿಯಲ್ಲಿ ಒಂದೇ ತೋಟೆ ತುಂಬಿ ಕೊಟ್ಟ. ಹೊಸಬರಿಗೆ ಹಾಗೆಯೇ ಕೊಡುವುದು. ಮೊದಲ ಒದೆತಕ್ಕೆ ನಳಿಗೆ ಸೂರಿನತ್ತ ಎದ್ದಾಗ ಗಾಬರಿಯಲ್ಲಿ ಬೆರಳು ಇನ್ನೊಮ್ಮೆ ಕುದುರೆ ಎಳೆಯುವುದುಂಟು. ಭಾವ ಕಿವಿಗೆ ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಉಸಿರು ಕಟ್ಟಿ ಹೊಡೆದ. ಪಕ್ಕದ ಅಂಕಣಗಳಲ್ಲಿ ಗುಂಡು ಹಾರಿಸುತ್ತಿದ್ದವರೆಲ್ಲ ನಿಲ್ಲಿಸಿ ತಿರುಗಿ ನೋಡಿದರು. ಕಾಗದದ ಕಳ್ಳನಿಗೆ ಒಂದು ಗೀರೂ ಆಗಿರಲಿಲ್ಲ. ಸೋಮವಾರ ಭಾವ ಎಡಗೈಯಲ್ಲಿ ಮೌಸ್ ಹಿಡಿದ. ತೋಟೆಗೆ ತಲಾ ಎರಡು ಮೂರು ಡಾಲರ್; ಐದು ಸಲ ಢಂ ಎನಿಸಿದರೆ ಡಲ್ಲಾಸಿನಲ್ಲಿ ಒಂದು ಮಸಾಲೆ ದೋಸೆ ಹೋದಂತೆ. ಲೆಕ್ಕ ಹಾಕಿದ ಮೇಲೆ ಅವನು ರೇಂಜಿನ ಕಡೆ ಸುಳಿದಿಲ್ಲ.

ಒಪ್ಪಬೇಕಾದ ಮಾತೆಂದರೆ ಆಯುಧಪೂಜೆಗೆ ಮಾತ್ರ ಅವನ ಮನೆಗೆ ಕಳೆ ಬಂದಿದೆ. ಇಷ್ಟು ವರ್ಷ ಲ್ಯಾಪ್‌ಟಾಪಿಗೂ ಕಾರಿಗೂ ಕುಂಕುಮ ಹಚ್ಚುತ್ತಿದ್ದವರು ಈಗ ನಿಜವಾದ ಆಯುಧಕ್ಕೇ ಹೂವೇರಿಸುತ್ತಾರೆ. ಟೆಕ್ಸಾಸಿನ ಬೇಟೆ ಪರವಾನಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸದಿದ್ದರೆ ತಿಜೋರಿಯಲ್ಲಿರುವುದು ಅಪರಾಧವಾಗಿ, ವೀಸಾಕ್ಕೂ ಕುತ್ತು. ಹಾಗಾಗಿ ಗಣೇಶ ಚೌತಿಯ ಕಡುಬಿನ ತಯಾರಿಯ ನಡುವೆ ಭಾವ ಪ್ರತಿ ವರ್ಷ ಜಿಂಕೆ ಹೊಡೆಯುವ ಹಕ್ಕನ್ನು ಖರೀದಿಸಿ ಬರುತ್ತಾನೆ.

‘ಮಾರಿಬಿಡಿ’ ಎಂದಳು ಅತ್ತಿಗೆ. ಭಾವ ಅದೇ ಅಂಗಡಿಗೆ ಹೋಗಿ ಕಷ್ಟ ಹೇಳಿಕೊಂಡ. ಅಂಗಡಿಯವನು ಸಹಾನುಭೂತಿಯಿಂದ ಕೇಳಿ, ಇಷ್ಟು ದೊಡ್ಡದರಲ್ಲಿ ಯಾರಿಗೂ ಕೈ ಕೂರುವುದಿಲ್ಲ, ಅಭ್ಯಾಸಕ್ಕೆ ಚಿಕ್ಕದೊಂದು ಇರಲೇಬೇಕು ಎಂದನಂತೆ. ಎರಡೂ ಹಿಡಿಯುವ ತಿಜೋರಿಗೆ ಆ ವಾರ ರಿಯಾಯಿತಿಯೂ ಇತ್ತು.