ಭಂಗಾರ್ ಎಂದರೆ ಬಂಗಾರವಲ್ಲ

ಧಾರವಾಡದಿಂದ ಪುಣೆಗೆ ಬಂದ ಮೊದಲ ವಾರ. ಬೆಳಿಗ್ಗೆ ಒಬ್ಬ ಕೈಗಾಡಿ ತಳ್ಳುತ್ತ ‘ಭಂಗಾರ್‌ವಾಲೇ...’ ಎಂದು ಕೂಗಿಕೊಂಡು ಹೋದ. ಅವ್ವ ಬಾಲ್ಕನಿಯಿಂದ ಬಗ್ಗಿ ನೋಡಿ, ‘ಇಲ್ಲೆ ಬಂಗಾರಾನೂ ಗಾಡ್ಯಾಗ ಮಾರತಾರೇನೋ?’ ಅಂದಳು. ನಮ್ಮ ಕಡೆ ಮೋಡಕಾ, ಬೆಂಗಳೂರಿನ ಕಡೆ ಗುಜರಿ, ಮರಾಠಿಯಲ್ಲಿ ಭಂಗಾರ್. ಹತ್ತೊಂಬತ್ತು ವರ್ಷವಾದರೂ ನಮ್ಮ ಮನೆಯಲ್ಲಿ ಈ ಮಾತಿಗೆ ನಗು ನಿಂತಿಲ್ಲ.

ಈಗ ಎಲ್ಲರ ಬಾಯಲ್ಲೂ ಸರ್ಕ್ಯುಲರ್ ಎಕಾನಮಿ. ವರ್ತುಲ ಆರ್ಥಿಕತೆ ಅನ್ನೋಣ. ಅಗೆದು ತೆಗೆ, ಮಾಡು, ಬಿಸಾಡು ಎಂಬ ನೇರ ದಾರಿ ಬಿಟ್ಟು, ಒಮ್ಮೆ ಮಾಡಿದ ವಸ್ತು ಸುತ್ತಿ ಸುತ್ತಿ ಬಳಕೆಗೆ ಬರಬೇಕು, ಕಸ ಹುಟ್ಟದ ಹಾಗೆ ಮೊದಲೇ ಯೋಚಿಸಿ ಮಾಡಬೇಕು ಎಂಬುದು ಅದರ ಸಾರ. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಮಾತ್ರ ಅದರ ಅರ್ಥ ಎರಡು ಬಣ್ಣದ ಡಬ್ಬಿ. ನನ್ನ ತಕರಾರು ಇಲ್ಲೇ. ರೀಸೈಕಲ್ ಅನ್ನುವುದು ಈ ವರ್ತುಲದ ಕಟ್ಟಕಡೆಯ ಸುತ್ತು. ಇದ್ದದ್ದನ್ನೇ ಬಹಳ ದಿನ ಬಳಸುವುದು, ರಿಪೇರಿ ಮಾಡಿಸುವುದು, ಬೇಕಾದವರಿಗೆ ದಾಟಿಸುವುದು, ಇವೆಲ್ಲ ಒಳಸುತ್ತು. ಅಲ್ಲಿ ವಸ್ತುವಿಗೆ ಬಿದ್ದ ದುಡಿಮೆಯೂ ಇಂಧನವೂ ಉಳಿಯುತ್ತವೆ. ಹೊರಸುತ್ತಿನಲ್ಲಿ ಬರೀ ಕಚ್ಚಾಮಾಲು ಸಿಗುತ್ತದೆ. ಅಲ್ಯೂಮಿನಿಯಂ ಆದರೆ ಲಾಭವಿದೆ. ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ 95ರಷ್ಟು ಉಳಿತಾಯ. ಪ್ಲಾಸ್ಟಿಕ್ಕನ್ನು ಕರಗಿಸಿದಷ್ಟು ಸಲವೂ ಅದರ ಗುಣ ಇಳಿಯುತ್ತದೆ.

ಅವ್ವನ ಕೌದಿ ಒಳಸುತ್ತಿನದು. ನನ್ನ ಹತ್ತಿರ ಇರುವುದರಲ್ಲಿ ಹಳೇ ಇಳಕಲ್ಲ ಸೀರಿ, ಅಪ್ಪನ ಧೋತರ, ನನ್ನ ಸಾಲಿ ಅಂಗಿಯ ಬೆನ್ನು ಎಲ್ಲ ಇವೆ. ಒಂದು ಮೂಲೆಯಲ್ಲಿ ಅಂಗಿಯ ಇಂಕಿನ ಕಲೆ ಕೂಡ. ಇಲ್ಲಿ ಅದನ್ನೇ ಗೋಧಡಿ ಅನ್ನುತ್ತಾರೆ. ಹಳೇ ಬಟ್ಟೆ ಇಸಿದುಕೊಂಡು ಸ್ಟೀಲ್ ಡಬ್ಬಿ ಕೊಡುವ ಬೋಹಾರೀಣ್ ಕೂಡ ಇದ್ದಾಳೆ, ಅವಳ ಜೊತೆ ಚೌಕಾಸಿಗೆ ಅರ್ಧ ತಾಸು ಬೇಕು. ಹಾಗಂತ ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಎಂದು ನಾನು ಎದೆ ಬಡಿದುಕೊಳ್ಳಲಾರೆ. ಅವ್ವ ಕೌದಿ ಹೊಲಿದದ್ದು ಭೂಮಿ ಉಳಿಸಲಿಕ್ಕಲ್ಲ, ರಗ್ಗು ಕೊಳ್ಳಲು ದುಡ್ಡಿರಲಿಲ್ಲ. ಊರಿನ ಕಸ ಯಾವ ಓಣಿಯವರು ಎತ್ತುತ್ತಿದ್ದರು ಎಂಬುದೂ ನಮಗೆಲ್ಲ ಗೊತ್ತೇ ಇದೆ.

ಆ ವಿಷಯದಲ್ಲಿ ಪುಣೆ ಒಂದು ಹೆಜ್ಜೆ ಮುಂದಿದೆ ಅನ್ನಬೇಕು. ಚಿಂದಿ ಆಯುವವರು 1993ರಲ್ಲೇ ಇಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘಟನೆ ಕಟ್ಟಿಕೊಂಡರು. ಅದರಿಂದ ಹುಟ್ಟಿದ ‘ಸ್ವಚ್ಛ್’ ಸಹಕಾರ ಸಂಘ 2008ರಿಂದ ಪಾಲಿಕೆಯ ಒಪ್ಪಂದದ ಮೇಲೆ ಮನೆಮನೆಯ ಕಸ ಒಯ್ಯುತ್ತದೆ. ಊರಲ್ಲಿ ಹಾಡು ಹಾಕಿಕೊಂಡು ಗಾಡಿ ಬರುತ್ತದೆ. ಇಲ್ಲಿ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬರುತ್ತಾಳೆ. ತಿಂಗಳಿಗೊಮ್ಮೆ ನಾವು ಕೊಡುವ ದುಡ್ಡಿನ ಮೇಲೆ, ಒಣಕಸ ಮಾರಿದ್ದೂ ಅವಳದೇ.

ನಮ್ಮ ಕಟ್ಟಡಕ್ಕೆ ಬರುವವರು ಗಡಿಯ ಕಡೆಯ, ಕನ್ನಡ ಮಾತಾಡುವ ಜತ್ತ ತಾಲ್ಲೂಕಿನವರು. ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿದ ದಿನದಿಂದ ನನಗೆ ಅವರು ಮರಾಠಿಯ ‘ಮಾವುಶಿ’ ಹೋಗಿ ‘ಅಕ್ಕಾರ’ ಆದರು. ಒಂದು ದಿನ ನಮ್ಮ ಡಬ್ಬಿಯೊಳಗಿನ ಚಿಪ್ಸ್ ಪಾಕೀಟು ಎತ್ತಿ ಹಿಡಿದು, ‘ಅಣ್ಣಾರ, ಹೊರಗ ಬಣ್ಣ, ಒಳಗ ಬೆಳ್ಳಿ. ಇದನ್ನ ಯಾ ಭಂಗಾರದಾವನೂ ತೂಕಕ್ಕ ಹಾಕಂಗಿಲ್ಲರಿ’ ಅಂದರು. ಪದರಕ್ಕೆ ಪದರ ಅಂಟಿಸಿದ್ದನ್ನು ಬಿಡಿಸುವುದು ಯಾರಿಂದಲೂ ಲಾಭಕ್ಕೆ ಆಗದ ಕೆಲಸ. ಕಸ ಹುಟ್ಟುವುದು ಡಬ್ಬಿಯಲ್ಲಲ್ಲ, ಕಂಪನಿಯ ನಕ್ಷೆಯಲ್ಲಿ ಎಂಬುದನ್ನು ಇಷ್ಟು ಸಲೀಸಾಗಿ ಹೇಳಿದ ಮೇಧಾವಿಯನ್ನು ನಾನು ಮೀಟಿಂಗಿನಲ್ಲಿ ಕಂಡಿಲ್ಲ.

ಕುಕ್ಕರ್ ನೋಡಿ. ಗ್ಯಾಸ್ಕೆಟ್, ಸೀಟಿ, ಹಿಡಿಕೆ ಏನು ಹೋದರೂ ಓಣಿಯ ಅಂಗಡಿಯಲ್ಲಿ ಸಿಗುತ್ತದೆ. ನಮ್ಮದು ಮದುವೆಯಲ್ಲಿ ಬಂದದ್ದು, ಇನ್ನೂ ಸೀಟಿ ಹೊಡೆಯುತ್ತಿದೆ. ವಾಷಿಂಗ್ ಮಷಿನ್ ಆರೇ ವರ್ಷಕ್ಕೆ ನಿಂತಿತು. ಬಂದ ಮೆಕ್ಯಾನಿಕ್ ಬೋರ್ಡ್ ಹೋಗಿದೆ, ಅದಕ್ಕಿಂತ ಹೊಸದೇ ತಗೊಳ್ಳಿ ಅಂದ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ ನಿಜ. ನನ್ನ ಮಷಿನ್ನಿಗೆ ಅದರಿಂದೇನೂ ಒದಗಲಿಲ್ಲ. ಕೊನೆಗೆ ಅದೇ ಭಂಗಾರ್‌ವಾಲಾನನ್ನು ಕರೆದೆ. ಕಿಲೋ ಲೆಕ್ಕದಲ್ಲಿ ದುಡ್ಡು ಎಣಿಸಿ ಕೊಟ್ಟು, ಗಾಡಿಗೆ ಹೇರುವ ಮೊದಲೇ ಹಿಂದಿನ ತಗಡು ಬಿಚ್ಚಿ ಒಳಗೆ ಕೈಹಾಕಿ ತಿರುಗಿಸಿ ನೋಡಿದ. ‘ಮೋಟರ್ ಚಾಂಗಲೀ ಆಹೆ, ಸಾಹೇಬ್’, ಮೋಟರ್ ಚೆನ್ನಾಗೇ ಇದೆ ಎಂದು ನಕ್ಕ.