ಭಾವನ ಕಾರು, ಅಪ್ಪಯ್ಯನ ಕಿಕ್ಕು

ಕಾರಿನಿಂದ ಇಳಿಯುವುದು ಅಂತ ನಾವೆಲ್ಲ ಹೇಳುತ್ತೇವೆ. ನಮ್ಮ ಭಾವನ ಕಾರಿಗೆ ಆ ಮಾತು ಸಲ್ಲುವುದಿಲ್ಲ. ಅದರಿಂದ ಏಳಬೇಕು. ಮೊದಲು ಬಲಗಾಲು ಹೊರಗೆ ಬರುತ್ತದೆ. ಆಮೇಲೆ ಒಂದು ಕೈ ಬಾಗಿಲಿನ ಅಂಚನ್ನು ಹುಡುಕುತ್ತದೆ. ‘ಶ್ರೀರಾಮಾ’ ಎಂಬ ಶಬ್ದ ಕೇಳುತ್ತದೆ. ಕೊನೆಗೆ ತಲೆ. ಊಟದ ಪಂಕ್ತಿಯಿಂದ ಮಂಡಿ ಹಿಡಿದು ಏಳುವವರನ್ನು ನೋಡಿದ್ದೀರಲ್ಲ, ಹಾಗೇ.

ಭಾವನಿಗೆ ಈಗ 68. ಬೆಂಗಳೂರಿನಲ್ಲಿ ನಿವೃತ್ತರಾದ ಮೇಲೆ ಎರಡೇ ಸೀಟಿನ, ನೆತ್ತಿ ಬಿಚ್ಚುವ ಕೆಂಪು ಕಾರು ಕೊಂಡರು. ಸೆಕೆಂಡ್ ಹ್ಯಾಂಡು, ಆದರೂ ಆ ದುಡ್ಡಿಗೆ ಇಲ್ಲಿ ಒಂದು ಸಣ್ಣ ತೋಟ ಬರುತ್ತಿತ್ತು ಅಂತ ಆಯಿ, ಅಂದರೆ ನಮ್ಮಮ್ಮ, ಇವತ್ತಿಗೂ ಹೇಳುತ್ತಾಳೆ. ಕಳೆದ ಚೌತಿಗೆ ಅದರಲ್ಲೇ ಶಿರಸಿಗೆ ಬಂದರು. ಬಂದರು ಅಂದರೆ, ಕಾರು ಟಾರು ರಸ್ತೆ ಮುಗಿಯುವವರೆಗೆ ಬಂತು. ತಿರುವಿನಲ್ಲಿ ವಾಲಬಾರದು ಅಂತ ಇಂಥ ಕಾರುಗಳನ್ನು ನೆಲಕ್ಕೆ ಹತ್ತಿಸಿಯೇ ಮಾಡುತ್ತಾರಂತೆ. ನಮ್ಮ ಮನೆಯ ಮಣ್ಣುರಸ್ತೆಯ ನಡುದಿಬ್ಬಕ್ಕೆ ಅದೆಲ್ಲ ಗೊತ್ತಿಲ್ಲ. ಭಾವ ಕಾರಿಗೆ ಟಾರ್ಪಾಲು ಹೊದಿಸಿ, ಛತ್ರಿ ಹಿಡಿದು ನಡೆದು ಬಂದರು.

ಅವತ್ತು ಮನೆಯಲ್ಲಿ ಚಕ್ಕುಲಿ ಕಂಬಳ. ಕೇರಿಯವರೆಲ್ಲ ಸುತ್ತ ಕೂತು ಕೈಚಕ್ಕುಲಿ ಸುತ್ತುತ್ತಿದ್ದರು. ಕೈಗೆ ಕೆಲಸವಿದ್ದು ಬಾಯಿಗೆ ಬಿಡುವಿರುವಾಗ ಯಾರ ಸಂಗತಿಯೂ ಉಳಿಯುವುದಿಲ್ಲ. ಭಾವನ ಮಗಳೇ ಶುರು ಮಾಡಿದಳು. “ಅತ್ತೆ, ನೀವಾದ್ರೂ ಅಪ್ಪಂಗೆ ಹೇಳಿ. ಆ ಕಾರು ಕೊಟ್ಟುಬಿಡಲಿ. ಹಿಂದಿನವರ ಹಾರನ್ನೇ ಕೇಳ್ತಿಲ್ಲೆ ಅವಂಗೆ.”

ಎಪ್ಪತ್ತಕ್ಕೆ ಬಿಡಬೇಕು ಅಂತ ಒಬ್ಬರು. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಲು ಸೊಸೆ ಹಿಂದೆಮುಂದೆ ನೋಡಿದ ದಿನ ಬಿಡಬೇಕು ಅಂತ ಇನ್ನೊಬ್ಬರು. ಇದು ನನಗೆ ಪರವಾಗಿಲ್ಲ ಅನಿಸಿತು. ಮೊಬೈಲು ಹಿಡಿದಿದ್ದ ಹುಡುಗನೊಬ್ಬ ಇಂಗ್ಲೆಂಡಿನ ರಾಣಿಯಾಗಿದ್ದ ಎಲಿಜಬೆತ್ ಗಂಡನ ಕತೆ ತೆಗೆದ. ಪ್ರಿನ್ಸ್ ಫಿಲಿಪ್ 2019ರ ಜನವರಿಯಲ್ಲಿ ತಾವೇ ಓಡಿಸುತ್ತಿದ್ದಾಗ ಅಪಘಾತವಾಗಿ, ಮುಂದಿನ ತಿಂಗಳು ಲೈಸೆನ್ಸು ಒಪ್ಪಿಸಿದರು. ಆಗ ಅವರಿಗೆ 97 ವರ್ಷ. ಜಗುಲಿಯ ಆಚೆ ತುದಿಯಿಂದ ಭಾವನ ಧ್ವನಿ ಬಂತು: “ಹಂಗಾರೆ ನಂಗಿನ್ನೂ ಇಪ್ಪತ್ತೊಂಬತ್ತು ವರ್ಷ ಇದ್ದು!” ಹಾರನ್ನು ಕೇಳದ ಕಿವಿಗೆ ಅಷ್ಟು ದೂರದಿಂದ ಇದು ಮಾತ್ರ ಕೇಳಿತು.

ನಮ್ಮ ಕಾನೂನಿನಲ್ಲೂ ಇಂತಿಷ್ಟೇ ವಯಸ್ಸಿಗೆ ಬಿಡಿ ಅಂತಿಲ್ಲ. 55 ದಾಟಿದ ಮೇಲೆ ಲೈಸೆನ್ಸು ಐದೈದು ವರ್ಷಕ್ಕೆ ಸಿಗುತ್ತದೆ, ಡಾಕ್ಟರ ಸರ್ಟಿಫಿಕೇಟು ಬೇಕು, ಅಷ್ಟೇ. ಆಲ್ಟೋಗೂ ಈ ಕೆಂಪು ಕುದುರೆಗೂ ಅದೇ ಒಂದು ಲೈಸೆನ್ಸು. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದ ಮಂಜಿನಲ್ಲಿ ಎದುರಿನ ಲಾರಿಯ ಲೈಟು ಬಡಿದು ಹೋದ ಮೇಲೆ, ಕಣ್ಣು ಸರಿಹೋಗಲು ಎಷ್ಟು ಹೊತ್ತು ಬೇಕು ಅಂತ ಯಾವ ಫಾರಮ್ಮೂ ಕೇಳುವುದಿಲ್ಲ. ನನಗೆ 54. ನನಗೇ ಈಗ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಇದನ್ನು ಮನೆಯಲ್ಲಿ ಹೇಳಿಲ್ಲ.

ಅಪ್ಪಯ್ಯನ ಸ್ಪೋರ್ಟ್ಸ್ ಕಾರು ಅಂದರೆ ಯೆಜ್ಡಿ ರೋಡ್‌ಕಿಂಗ್ ಬೈಕು. ಮೈಸೂರಿನ ಐಡಿಯಲ್ ಜಾವಾದ್ದು, 250 ಸಿಸಿ, ಎರಡು ಸೈಲೆನ್ಸರು. ಫ್ಯಾಕ್ಟರಿ 1996ರಲ್ಲಿ ನಿಂತರೂ ಅಪ್ಪಯ್ಯ ನಿಲ್ಲಲಿಲ್ಲ. ಆ ಗಾಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರು, ಅದೂ ಎಡಗಡೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗೇರು ಹೋಗಿ ಕಿಕ್ಕಾಗುತ್ತದೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಘಟ್ಟ ಇಳಿಯುವಾಗ ಆಕ್ಸಿಲೇಟರು ಪೂರ್ತಿ ಬಿಟ್ಟರೆ ಪೆಟ್ರೋಲಿನ ಜೊತೆ ಆಯಿಲೂ ಇಂಜಿನ್ನಿಗೆ ಸಾಕಷ್ಟು ಹೋಗುವುದಿಲ್ಲ. ಅದಕ್ಕೇ ಅಪ್ಪಯ್ಯ ಕುಮಟೆಯ ಕಡೆ ಇಳಿಯುತ್ತ ನಡುನಡುವೆ ಸುಮ್ನೆ ಒಂದು ಗುಟುಕು ಕೊಡುತ್ತಿದ್ದ. ಮಗುವಿಗೆ ಗಂಜಿ ಕುಡಿಸಿದ ಹಾಗೆ.

ಬಿಡು ಅಂತ ಅವನಿಗೆ ಯಾರೂ ಹೇಳಲಿಲ್ಲ. ಮೊದಲು ಆಯಿ ಹಿಂದೆ ಕೂರುವುದನ್ನು ನಿಲ್ಲಿಸಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಗಾಳಿ ಚೆನ್ನಾಗಿ ಬರುತ್ತದಂತೆ! ಆಮೇಲೆ, 71ನೇ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಇಪ್ಪತ್ತು ಕಿಕ್ ಹೊಡೆದರೂ ಗಾಡಿ ಏಳಲಿಲ್ಲ. “ಪ್ಲಗ್ ಹೋಯ್ದು” ಅಂದ. ಹೊಸ ಪ್ಲಗ್ ಬಂತು. ಗ್ಯಾರೇಜಿನ ಹುಡುಗ ಒಂದೇ ಕಿಕ್ಕಿಗೆ ಎಬ್ಬಿಸಿಕೊಟ್ಟ. ಮುಂದಿನ ವಾರ ಕಾರ್ಬೊರೇಟರಿನ ಮೇಲೆ ತಪ್ಪು ಬಿತ್ತು. ಆಮೇಲಾಮೇಲೆ ಪೇಟೆಗೆ ಹೋಗುವ ದಿನ ಅಪ್ಪಯ್ಯ ಅಂಗಳದಲ್ಲಿ ಏನೋ ಹುಡುಕುವವನ ಹಾಗೆ ಓಡಾಡುತ್ತ, ದಾರಿಯಲ್ಲಿ ಯಾವ ಹುಡುಗ ಬರುತ್ತಾನೆ ಅಂತ ಕಾಯುತ್ತಿದ್ದ. ಎಬ್ಬಿಸಿಕೊಟ್ಟರೆ ಹೋಗುತ್ತಿದ್ದ. ಪೇಟೆಯಲ್ಲಿ ಗಾಡಿ ಆಫ್ ಮಾಡುತ್ತಿರಲಿಲ್ಲ. ಒಂದು ದಿನ ಸೆಂಟರ್ ಸ್ಟ್ಯಾಂಡೂ ಹಾಕಲಾಗಲಿಲ್ಲ. ಗೋಡೆಗೆ ಒರಗಿಸಿದ. ಅದರ ಮರುದಿನ ಕೊಟ್ಟಿಗೆಗೆ ತಳ್ಳಿ ಹಳೇ ಕಂಬಳಿ ಹೊದಿಸಿದ. ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತುವುದು ಬಿಟ್ಟದ್ದೂ ಹೀಗೇ. ಒಂದು ಕೊಯ್ಲಿನಲ್ಲಿ ಮಗನನ್ನು ಮೇಲೆ ಕಳಿಸಿ, ತಾನು ಕೆಳಗೆ ಹಗ್ಗ ಹಿಡಿದು ನಿಂತ. ಯಾರೂ ಯಾಕೆ ಅಂತ ಕೇಳಲಿಲ್ಲ.

ಚೌತಿಯ ಮರುದಿನ ಅಪ್ಪಯ್ಯನಿಗೆ ಭಾವನ ಕಾರು ನೋಡುವ ಆಸೆಯಾಯಿತು. ಅವನಿಗೀಗ 80. ಕೋಲು ಊರಿಕೊಂಡು ಟಾರು ರಸ್ತೆಯವರೆಗೆ ನಡೆದ. ಕೂರುವುದು ಸುಲಭವಾಗಿತ್ತು. ಕಾಲು ಒಳಗಿಟ್ಟು ಮೈ ಬಿಟ್ಟ, ಬಿದ್ದ. ಸ್ಟೇರಿಂಗು ಸವರಿದ. “ಸ್ಟಾರ್ಟ್ ಹೆಂಗೆ?” ಅಂದ. ಭಾವ ಬ್ರೇಕ್ ಒತ್ತಿಸಿ ಬಟನ್ನು ತೋರಿಸಿದರು. ಅಪ್ಪಯ್ಯ ಬೆರಳಿಟ್ಟ. ಕಾರು ಗರ್ರೆಂದಿತು. ಅವನು ಸ್ವಲ್ಪ ಹೊತ್ತು ಕಾದ. ಇನ್ನೂ ಏನೋ ಮಾಡುವುದಿದೆ ಅಂದುಕೊಂಡಿದ್ದನೋ ಏನೋ.

“ಇಷ್ಟೇಯಾ?” ಅಂದ. “ಇದು ಯಾರಿಗೂ ಬ್ಯಾಡ ಹೇಳ್ತಿಲ್ಲೆ.”

ಭಾವ ಮಾತಾಡಲಿಲ್ಲ. ಆಮೇಲೆ ಅಪ್ಪಯ್ಯನನ್ನು ಏಳಿಸಬೇಕಾಯಿತು. ನಾನು ಒಂದು ರಟ್ಟೆ ಹಿಡಿದೆ, ಭಾವ ಇನ್ನೊಂದು. ಎಳೆಯುವ ಭರದಲ್ಲಿ ಭಾವನ ಸೊಂಟ ಹಿಡಿದುಕೊಂಡಿತು. ಅಪ್ಪಯ್ಯ ಎದ್ದ, ಭಾವ ಬಾನೆಟ್ಟಿನ ಮೇಲೆ ಬಗ್ಗಿದರು. ಮಗಳು ಆಚೆ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದಳು.