ಎಂಜಿನ್ ಚಿಕ್ಕದಾದರೆ ಬಲ ಕಡಿಮೆಯೇ? ರ‍್ಯಾಪ್ಟರ್ ಬಗ್ಗೆ ಒಂದು ಸ್ಪಷ್ಟನೆ

ಕಲಬುರಗಿಯ ಗಾಡಿಪ್ರಿಯರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ. ಫೋರ್ಡ್ ರ‍್ಯಾಪ್ಟರ್ ಪಿಕಪ್ಪಿನ ಎರಡನೇ ತಲೆಮಾರಿಗೆ ಎಂಟು ಸಿಲಿಂಡರ್ ಬದಲು ಆರು ಸಿಲಿಂಡರ್ ಹಾಕಿದ್ದರಿಂದ ಅದರ ಬಲ ಕುಗ್ಗಿತು ಅಂತ. ಇದು ತಪ್ಪು.

ಹಳೆಯ 6.2 ಲೀಟರ್ ಎಂಜಿನ್ ಕೊಡುತ್ತಿದ್ದದ್ದು 411 ಅಶ್ವಶಕ್ತಿ. 2017ರ ಮಾಡೆಲ್‌ನ 3.5 ಲೀಟರ್ ಎಂಜಿನ್ ಕೊಟ್ಟಿದ್ದು 450. ಟಾರ್ಕ್, ಅಂದರೆ ತಿರುಗಿಸುವ ಬಲ ಕೂಡ ಸುಮಾರು 588 ನ್ಯೂಟನ್ ಮೀಟರ್‌ನಿಂದ 691ಕ್ಕೆ ಏರಿತು. ಅದೂ ಹಳೆಯದರಲ್ಲಿ ಎಂಜಿನ್ ನಿಮಿಷಕ್ಕೆ 4,500 ಸುತ್ತು ತಿರುಗಿದಾಗ ಸಿಗುತ್ತಿದ್ದ ಗರಿಷ್ಠ ಟಾರ್ಕ್ ಹೊಸದರಲ್ಲಿ 3,500ಕ್ಕೇ ಸಿಗುತ್ತದೆ. ಮಳೆ ಬಿದ್ದ ಮೇಲೆ ನಮ್ಮ ತೊಗರಿ ಹೊಲದ ಎರೆಮಣ್ಣಲ್ಲಿ ಗಾಡಿ ಸಿಕ್ಕಿಸಿಕೊಂಡವರಿಗೆ ಇದರ ಬೆಲೆ ಗೊತ್ತು: ಅಲ್ಲಿ ಬೇಕಾಗೋದು ಕಡಿಮೆ ಸುತ್ತಿನ ಎಳೆತ, ಸುಮ್ನೆ ಗುಡುಗೋ ಸದ್ದಲ್ಲ.

ಇಷ್ಟು ಬಲ ಬಂದದ್ದು ಎರಡು ಟರ್ಬೊಗಳಿಂದ. ಹೊರಹೋಗುವ ಹೊಗೆಯ ರಭಸ ಟರ್ಬೊ ಚಕ್ರವನ್ನು ತಿರುಗಿಸುತ್ತದೆ. ಅದು ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಜಾಸ್ತಿ ಆದರೆ ಇಂಧನವನ್ನೂ ಜಾಸ್ತಿ ಉರಿಸಬಹುದು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದಕ್ಕೇ ನಡುವೆ ಅದನ್ನು ತಣಿಸುವ ಇಂಟರ್‌ಕೂಲರ್ ಇರುತ್ತದೆ. ಅಲ್ಯೂಮಿನಿಯಂ ಮೈಯಿಂದ ಗಾಡಿಯ ತೂಕವೂ ಇಳಿಯಿತು.

ಸದ್ದು ಸಪ್ಪೆ ಆಯ್ತು ಅನ್ನೋರ ದೂರು ಮಾತ್ರ ನಿಜ, ನಾನೂ ಒಪ್ಪುತ್ತೇನೆ. ಮುಂದೆ ರ‍್ಯಾಪ್ಟರ್ ಆರ್ ಹೆಸರಲ್ಲಿ ಎಂಟು ಸಿಲಿಂಡರ್ ಮತ್ತೆ ಬಂತು. ಆದರೆ ಸದ್ದು ಬೇರೆ, ಬಲ ಬೇರೆ ಅಲ್ವಾ?